ಏಳನೇ ಸಾಲಿಗೆ ಪೇಪರು ಹೊದಿಸಿದ್ದು

ಶೀಬಾಳನ್ನು ನಾನು ಮೊದಲ ಸಲ ನೋಡಿದ ದಿನ ಅವಳು ಸ್ಟೂಲಿನ ಮೇಲೆ ನಿಂತು ನಾಲ್ಕು ಜನ ಗಂಡಸರಿಗೆ ಬೈಯುತ್ತಿದ್ದಳು. ಅವಳಿಗೆ ಇಪ್ಪತ್ತೆರಡು ವರ್ಷ. ಆ ನಾಲ್ವರಲ್ಲಿ ತೀರಾ ಚಿಕ್ಕವನಿಗೇ ಮೂವತ್ತು. ನಾನು ಗುಡಿಸುವ ಕೆಲಸವೇನಾದರೂ ಸಿಗುತ್ತದೆಯೇ ಎಂದು ಕೇಳಲು ಹೋಗಿ ಬಾಗಿಲಲ್ಲಿ ನಿಂತಿದ್ದೆ.

ಅದು ಎರಡು ಸಾವಿರದ ಏಳನೇ ಇಸವಿ, ಯುಗಾದಿಯಾಗಿ ಒಂಬತ್ತನೇ ದಿನ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಎದ್ದು, ಅಲ್ಲಿ ದುಡಿಯುವವರು ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದು, ಅವರನ್ನು ನಂಬಿಕೊಂಡು ನಮ್ಮ ಮೇನ್ ರೋಡಿಗೆ ‘ಮನೆಸಿರಿ ಬಜಾರು’ ಬಂದಿತ್ತು. ಬೇಕಾದ್ದನ್ನು ನಾವೇ ಎತ್ತಿಕೊಂಡು, ಬುಟ್ಟಿಗೆ ಹಾಕಿಕೊಂಡು, ಬಾಗಿಲ ಹತ್ತಿರ ಬಿಲ್ ಮಾಡಿಸುವ ಅಂಗಡಿ. ಒಟ್ಟು ಒಂಬತ್ತು ಸಾಲು. ಶೀಬಾ ಅದರ ಸೂಪರ್‌ವೈಸರ್. ಆದರೆ ಇನ್ನೂ ಟ್ರಯಲ್ ಮೇಲೆ ಇದ್ದಳು.

“ಏಳನೇ ಸಾಲಿನ ಮಾಲು ಬಂದು ಮೂರು ದಿನ ಆಯ್ತು. ಬಾಕ್ಸು ಹಂಗೇ ಕೂತಿದಾವೆ,” ಎನ್ನುತ್ತಿದ್ದಳು. “ಅಶ್ವಥ್, ನೀವ್ ಜೋಡಿಸ್ತೀರೋ ಇಲ್ವೋ?”

ಅಶ್ವಥ್ ಎಂಬುವನು ತಲೆ ಕೆರೆದುಕೊಂಡ. “ಮೇಡಂ, ಚಿಪ್ಸ್ ಸಾಲು ಕಂಡ್ರೆ ನಂಗಾಗಕ್ಕಿಲ್ಲ, ನಿಮ್ಗೇ ಗೊತ್ತು. ಗಾಳಿ ತುಂಬಿರೋ ಕವರು, ಒಂದ್ ನಿಲ್ಸಿದ್ರೆ ಏಳ್ ಬೀಳ್ತವೆ. ಆದ್ರೂ ಅದನ್ನೇ ಮಾಡ್ತೀನಿ. ಇದೊಂದ್ ಬುಟ್ಬುಡಿ.”

“ನಾನ್ ಖಾರದ ಪುಡಿ ಜೋಡಿಸ್ತೀನಿ,” ಎಂದ ಇನ್ನೊಬ್ಬ. ಆ ಸಾಲಿಗೆ ಹೋದರೆ ಅವನಿಗೆ ಒಂದೇ ಸಮನೆ ಹದಿನೈದು ಸೀನು ಬರುತ್ತವೆಂದು ನನಗೆ ಆಮೇಲೆ ತಿಳಿಯಿತು. ಮೂರನೆಯವನು ಬೆರಳು ಮರಗಟ್ಟಿಸುವ ಐಸ್ ಪೆಟ್ಟಿಗೆ ಕೇಳಿದ. ನಾಲ್ಕನೆಯವನು ತಲೆ ಸಿಡಿಸುವ ಫಿನಾಯಿಲ್ ಸಾಲಾದರೂ ಸೈ ಎಂದ. ಒಬ್ಬೊಬ್ಬನೂ ತನಗೆ ಆಗದ ಸಾಲನ್ನೇ ವರ ಬೇಡುವವನ ಹಾಗೆ ಬೇಡುತ್ತಿದ್ದ, ಏಳನೆಯದೊಂದನ್ನು ಬಿಟ್ಟು.

ನನಗೆ ಮೈಯೆಲ್ಲ ಉರಿಯಿತು.

“ಸಾಮಾನ್ ಜೋಡ್ಸಕ್ಕೆ ಇಷ್ಟ್ ಗೋಳಾಡ್ತರಾ?” ಎಂದು ಬಾಗಿಲಿಂದಲೇ ಅಂದೆ. “ಮೂವತ್ತೆಂಟ್ ವರ್ಷ ರೇಷ್ಮೆ ಹುಳ ಸಾಕೀನಿ ಕಣವ್ವ. ಒಂದ್ ತಟ್ಟೆ ಹುಳ ಇನ್ನೊಂದ್ ತಟ್ಟೆಗೆ ಬೀಳ್ದಂಗೆ ಜೋಡ್ಸೀನಿ. ಆ ಏಳ್ನೆ ಸಾಲ ನಂಗ್ ಕೊಡು. ಕಣ್ಣಿಗ್ ಒತ್ಕೊಳ್ಳಂಗ್ ಮಾಡ್ತೀನಿ.”

ನಾಲ್ಕೂ ಜನ ನನ್ನ ಕಡೆ ತಿರುಗಿ, ಮೈಮೇಲೆ ದೇವರು ಬಂದವಳನ್ನು ನೋಡುವ ಹಾಗೆ ನೋಡಿದರು. ಶೀಬಾ ಸ್ಟೂಲಿನಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ರೀಲಿಂಗ್ ಮಾಡಿದ ಬೆರಳುಗಳು ಅವು. ಗೂಡು ಬೇಯುವ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ನೂಲು ಎಳೆದವು. ನಾನು ಬೆಳೆದ ಗೂಡೆಲ್ಲ ಕೊನೆಗೆ ಹೋಗಿ ಸೇರುತ್ತಿದ್ದದ್ದು ಅಂಥ ಕೈಗಳಿಗೇ.

“ಹೆಸರೇನಮ್ಮ?”

“ಶಿವಲಿಂಗಮ್ಮ. ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿ. ಈಗ ಇಲ್ಲೇ ಮಗಳ್ ಮನೇಲಿದೀನಿ.”

“ಆಮೇಲೆ ಮಾತು ಬದಲಾಯಿಸ್ಬಾರದು.”

“ನಮ್ ವಂಸ್ದಲ್ಲೇ ಇಲ್ಲ ಅದು.”

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಮೊದಲನೇ ಬಾಕ್ಸು ಬಿಚ್ಚಿದೆ. ಹಸಿರು, ನೇರಳೆ, ಗುಲಾಬಿ ಬಣ್ಣದ ಮೆತ್ತನೆ ಪ್ಯಾಕೆಟ್ಟುಗಳು. ಮೇಲೆ ಬಿಳಿ ಪ್ಯಾಂಟಿನ ಒಬ್ಬಳು ಹುಡುಗಿ ಎಗರುತ್ತಿದ್ದಳು. “ಎಳೆ ಮಕ್ಕಳ ದಿಂಬೇನವ್ವ ಇವು?” ಎಂದೆ. ಶೀಬಾ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು.

ಹೆಂಗಸರು ಮುಟ್ಟಾದಾಗ ಇಟ್ಟುಕೊಳ್ಳುವ ಪ್ಯಾಡುಗಳು. ಬರೆದುಬಿಟ್ಟೆ. ಆವತ್ತು ಆ ಮಾತನ್ನು ಬಾಯಿ ಬಿಟ್ಟು ಹೇಳು ಎಂದಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದೆ. ನಮ್ಮ ಕಾಲಕ್ಕೆ ಹಳೇ ಸೀರೆಯ ಬಟ್ಟೆ. ಅದನ್ನು ಒಗೆದು ಹುಲ್ಲಿನ ಮೆದೆಯ ಹಿಂದೆ, ಇನ್ನೊಂದು ಬಟ್ಟೆಯ ಕೆಳಗೆ ಒಣಗಿಸಬೇಕು. ಮೂವತ್ತೊಂದು ವರ್ಷ ಬಾಳ್ವೆ ಮಾಡಿದ ಗಂಡ ಅದನ್ನು ಒಂದು ಸಲವೂ ಕಂಡವರಲ್ಲ. ಇಲ್ಲಿ ನೋಡಿದರೆ ಇನ್ನೂರ ಎಂಬತ್ತು ಪ್ಯಾಕೆಟ್ಟು, ಟ್ಯೂಬ್‌ಲೈಟ್ ಕೆಳಗೆ, ರೋಡಿಗೆ ಮುಖ ಮಾಡಿ!

ಹಿಂದಿನ ದಿನದ ನನ್ನ ಪೌರುಷ ಎಲ್ಲಿ ಹೋಗಿ ಅಡಗಿತೋ ಕಾಣೆ. ಕೆಳಗೆ ಕೂತುಬಿಟ್ಟೆ.

“ಏನಾಯ್ತಮ್ಮ?”

“ಏನಿಲ್ಲ ಕಣವ್ವ. ಒಸಿ ತಲೆ ತಿರುಗ್ದಂಗಾಯ್ತು.”

“ವಂಶದಲ್ಲೇ ಇಲ್ಲ ಅಂದಿದ್ರಿ,” ಎಂದಳು ಶೀಬಾ.

ಜೋಡಿಸಿದೆ. ಐದು ಹಲಗೆ, ಹಲಗೆಗೆ ಐವತ್ತಾರು. ರೋಡಿಗೆ ಬೆನ್ನು ಮಾಡಿ, ಕಣ್ಣು ಅರ್ಧ ಮುಚ್ಚಿ ಜೋಡಿಸಿದರೂ ಒಂದೂ ಓರೆಯಾಗಲಿಲ್ಲ. ಅಶ್ವಥ್ ಆರನೇ ಸಾಲಿನಲ್ಲಿ ನಿಂತು, ಈ ಕಡೆ ನೋಡದೆಯೇ, “ಅಕ್ಕ, ಬೋ ಚೆನ್ನಾಗ್ ಜೋಡ್ಸಿದೀರ,” ಎಂದ.

ಸಂಜೆ ಊಟಕ್ಕೆ ಕೂತಾಗ ಅಳಿಯಂದಿರು ನಟರಾಜು ಕೇಳಿದರು. “ಯಾವ್ ಸೆಕ್ಷನ್ ಕೊಟ್ಟವ್ರೆ ಅತ್ತೆ?”

“ಹತ್ತಿ ಸಾಮಾನು,” ಎಂದೆ. ಸುಳ್ಳೇನಲ್ಲ.

“ಓ, ದೀಪದ ಬತ್ತಿನಾ? ಪುಣ್ಯದ ಕೆಲ್ಸ ಬುಡಿ.”

ಎರಡೇ ದಿನದಲ್ಲಿ ಅವರು ‘ನಮ್ಮತ್ತೇದು ದೇವರ ಬತ್ತಿ ಸೆಕ್ಷನ್ನು’ ಎಂದು ಬೀದಿಗೆಲ್ಲ ಸಾರಿದ್ದರು. ಎದುರು ಮನೆಯವರು ಕಾರ್ತೀಕಕ್ಕೆ ಈಗಲೇ ಇನ್ನೂರು ಬತ್ತಿ ಹೇಳಿಹೋದರು. ಮಗಳು ರಾಧಾಮಣಿ ಮಾತ್ರ ಸೋಪು ತರುವ ನೆಪದಲ್ಲಿ ಅಂಗಡಿಗೆ ಬಂದು ಎಲ್ಲ ನೋಡಿಕೊಂಡು ಹೋದಳು. ಆವತ್ತು ಒಲೆ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅವ್ವ, ನಿನ್ನಳಿಯಂಗೆ ನೀನೇ ಹೇಳ್ತೀಯೋ, ನಾನ್ ಹೇಳ್ಲೋ?”

“ಹೇಳಿದ್ರೆ ಈ ಮನೇಲಿ ನಾನ್ ನೀರ್ ಕುಡಿಯಕ್ಕಿಲ್ಲ.”

“ಕುಡೀಬೇಡ. ಬತ್ತಿ ಹೊಸ್ಕೊಂಡ್ ಕೂತ್ಕೊ.”

ನಾಚಿಕೆ ನನಗೊಬ್ಬಳಿಗೇ ಅಲ್ಲ ಎಂಬುದು ನಾಲ್ಕು ದಿನದಲ್ಲಿ ಗೊತ್ತಾಯಿತು. ಹೆಂಗಸರು ನೇರ ಏಳನೇ ಸಾಲಿಗೆ ಬರುತ್ತಲೇ ಇರಲಿಲ್ಲ. ಆರನೇ ಸಾಲಿನಲ್ಲಿ ನಿಂತು ಸೋಪು ಮೂಸಿ ನೋಡುವುದು. ಕಣ್ಣು ಮಾತ್ರ ಈ ಕಡೆ. ಯಾರೂ ಇಲ್ಲದಾಗ ಹಾವಿನ ಹೆಡೆಯಂತೆ ಒಂದು ಕೈ ಬರುವುದು, ಪ್ಯಾಕೆಟ್ಟು ಮಾಯ. ಅದು ಬುಟ್ಟಿಯೊಳಗೆ ರಾಗಿ ಹಿಟ್ಟಿನ ಕೆಳಗೆ ಸೇರುವುದು. ಗಾರ್ಮೆಂಟ್ಸ್ ಹುಡುಗಿಯರು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ವ್ಯಾನಿನಲ್ಲಿ ಹದಿನಾಲ್ಕು ಜನ ಬರುತ್ತಿದ್ದರು. ನಾಲ್ವರು ಬೇಲಿಯ ಹಾಗೆ ನಿಂತರೆ ಒಬ್ಬಳು ತೆಗೆದುಕೊಳ್ಳುವುದು. ಯಾವನಾದರೂ ಗಂಡಸು ಆ ಕಡೆ ತಿರುಗಿದರೆ ಅಷ್ಟೂ ಜನ ಗುಬ್ಬಚ್ಚಿಗಳ ಹಾಗೆ ಚೆದುರುವುದು.

ಅವರಲ್ಲಿ ಸೋಲೂರಿನವಳು ಭಾನುಪ್ರಿಯ ಎಂಬ ಹುಡುಗಿ ಮೂರು ಶನಿವಾರ ಬಂದು ಮೂರು ಸಲವೂ ಬರೀ ಸೋಪು ಕೊಂಡುಹೋದಳು.

“ಎಷ್ಟ್ ಸೋಪ್ ಉಜ್ಕೊಳ್ತೀಯವ್ವ?” ಎಂದೆ.

ಅವಳು ಆ ಕಡೆ ಈ ಕಡೆ ನೋಡಿ, ಪಿಸುಮಾತಿನಲ್ಲಿ, “ಅಜ್ಜಿ, ಮೆಡಿಕಲ್ ಸ್ಟೋರಲ್ಲಾದ್ರೆ ಪೇಪರಲ್ಲಿ ಸುತ್ತಿ ಕೊಡ್ತರೆ. ಇಲ್ಲಿ ಹಂಗೇ ಕೈಯಲ್ಲಿ ಹಿಡ್ಕಂಡು ಕೌಂಟರ್‌ಗಂಟ ನಡೀಬೇಕಲ್ಲ,” ಎಂದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಒಂದು ಮಧ್ಯಾಹ್ನ ಗೋಡೌನಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಾಗ ಶೀಬಾ ಹೇಳಿದಳು. “ಜೂನ್ ಎರಡನೇ ಶನಿವಾರ ಹೆಡ್ಡಾಫೀಸಿಂದ ಸಾಹೇಬ್ರು ಬರ್ತಾರಮ್ಮ. ಎಲ್ಲಾ ಸರಿ ಅನ್ಸಿದ್ರೆ ನನ್ನ ಪರ್ಮನೆಂಟ್ ಆರ್ಡರಿಗೆ ಸಹಿ ಹಾಕ್ತಾರೆ.”

“ಹಾಕ್ದಿದ್ರೆ?”

“ನಮ್ಮ ಅಬ್ಬಾ ಹೇಳಿಬಿಟ್ಟಿದಾರೆ. ‘ಪರ್ಮನೆಂಟ್ ಆದ್ರೆ ಹೋಗು, ಇಲ್ಲಾಂದ್ರೆ ಮನೇಲಿ ತೊಟ್ಟಿ ಐತೆ’ ಅಂತ.”

ಅವಳ ತಂದೆ ಬಾಬಾಜಾನ್ ಮನೆಯ ಹಿಂದೆ ನಾಲ್ಕು ತೊಟ್ಟಿ ಇಟ್ಟು ರೀಲಿಂಗ್ ಮಾಡುವವರು. ಕೆಟ್ಟವರಲ್ಲ, ಅವರಿಗೆ ಕೈ ಸಾಲದು. ಶೀಬಾ ಬೆರಳುಗಳನ್ನು ಅರಳಿಸಿ ನೋಡಿಕೊಂಡಳು. ತುದಿಗಳಲ್ಲಿ ಹೊಸ ಚರ್ಮ ಬಂದಿತ್ತು.

“ಈಗ ಪಿನ್ನು ಚುಚ್ಚಿದ್ರೆ ಗೊತ್ತಾಗುತ್ತಮ್ಮ. ಮುಂಚೆ ಗೊತ್ತಾಗ್ತಿರ್ಲಿಲ್ಲ,” ಎಂದಳು. ಆಮೇಲೆ, “ಮಿಕ್ಕಿದ್ದೆಲ್ಲ ಪರವಾಗಿಲ್ಲ. ಏಳನೇ ಸಾಲಲ್ಲೇ ಮಾಲು ಓಡ್ತಿಲ್ಲ. ಅದೊಂದು ಸರಿಹೋಗ್ಬೇಕು,” ಎಂದಳು.

ಸರಿ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಆ ಬೆರಳು ಮತ್ತೆ ಬಿಸಿನೀರಿಗೆ ಇಳಿಯಬಾರದು. ಈ ಶಿವಲಿಂಗಮ್ಮ ಇರುವವರೆಗೆ ಇಳಿಯಗೊಡುವುದಿಲ್ಲ.

ಸಾಹೇಬರು ಬರುವ ಹಿಂದಿನ ದಿನ, ಶುಕ್ರವಾರ, ಶೀಬಾ ಮೀಟಿಂಗಿಗೆಂದು ಬೆಂಗಳೂರಿಗೆ ಹೋದಳು. ಗೋಡೌನಿನಲ್ಲಿ ಯುಗಾದಿ ಆಫರಿನ ಹಾಳೆಗಳು ಕಟ್ಟುಕಟ್ಟಾಗಿ ಉಳಿದಿದ್ದವು. ಮೆಡಿಕಲ್ ಸ್ಟೋರಿನ ಮಾಸಲು ಪೇಪರಿಗಿಂತ ಎಷ್ಟೋ ಚೆಂದ. ಬಣ್ಣಬಣ್ಣದಲ್ಲಿ ಶಾವಿಗೆ, ಹಪ್ಪಳ, ಸಂಡಿಗೆಯ ಚಿತ್ರ. ನಾನು ಎಂಟೂವರೆಗೆ ಕೂತವಳು ಐದು ಗಂಟೆಗೆ ಎದ್ದೆ. ಒಂದೊಂದೇ ಹಲಗೆಯ ಮಾಲನ್ನು ಒಳಗೆ ತಂದು, ಒಂದೊಂದೇ ಪ್ಯಾಕೆಟ್ಟನ್ನು ಹಾಳೆಯಲ್ಲಿ ಸುತ್ತಿ, ನಾಲ್ಕೂ ಮೂಲೆ ಮಡಿಸಿ, ಮನೆಯಿಂದ ತಂದಿದ್ದ ರೇಷ್ಮೆ ದಾರದಿಂದ ಕಟ್ಟಿದೆ. ಬಸ್ಸಿನ ಟಾಪಿನ ಮೇಲೆ ಹಾಕಿದ ಗೂಡಿನ ಮೂಟೆಗೆ ನಾವು ಹಾಕುತ್ತಿದ್ದ ಗಂಟನ್ನೇ ಹಾಕಿದೆ. ಮಾಗಡಿಯಿಂದ ರಾಮನಗರದವರೆಗೆ ಎಷ್ಟು ಕುಲುಕಿದರೂ ಸಡಿಲವಾಗದ ಗಂಟು ಅದು. ಚಿತ್ರದ ಕಡೆ ಮುಂದಕ್ಕೆ ಬರುವಂತೆ ಇನ್ನೂರ ಎಂಬತ್ತನ್ನೂ ಮತ್ತೆ ಜೋಡಿಸಿದೆ.

ಆ ಕಡೆ ಗಂಡಸರು ತಿರುಗಿ ನೋಡುವುದೇ ಇಲ್ಲವಾದ್ದರಿಂದ ಇಡೀ ದಿನ ನನ್ನನ್ನು ಕೇಳುವವರಿರಲಿಲ್ಲ. ಬಂದಿದ್ದ ಇಬ್ಬರು ಹೆಂಗಸರ ಕೈಗೆ ಹೊಸ ಕಟ್ಟನ್ನೇ ಕೊಟ್ಟು, ಏನೆಂದು ಕಿವಿಯಲ್ಲಿ ಹೇಳಿದೆ. ಅವರು ಬಿಲ್ ಮಾಡುವ ಹುಡುಗಿಯ ಮುಂದೆ ಅದನ್ನು ಹೇಗೆ ಬಿಡಿಸಿದರೋ ನಾನು ಹೋಗಿ ನೋಡಲಿಲ್ಲ. ಆ ಎರಡರ ಜಾಗಕ್ಕೆ ಬೇರೆ ಎರಡು ಸುತ್ತಿಟ್ಟೆ. ಮನೆಗೆ ಹೋಗುವಾಗ ಒಂದು ಸಲ ಹಿಂದಕ್ಕೆ ನಿಂತು ನೋಡಿದೆ. ಒಂಬತ್ತು ಸಾಲಿನಲ್ಲಿ ಇಷ್ಟು ಮರ್ಯಾದಸ್ಥ ಸಾಲು ಇನ್ನೊಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಸಾಹೇಬರು ಬಂದರು. ಜೊತೆಗೆ ನಮ್ಮ ಮ್ಯಾನೇಜರ್ ವೆಂಕಟಯ್ಯನವರು ಮತ್ತು ಬೆಂಗಳೂರಿನಿಂದ ಅವರ ಕಾರಿನಲ್ಲೇ ಬಂದಿಳಿದ ಶೀಬಾ. ಸಾಲು ನೋಡುತ್ತ ನೋಡುತ್ತ ಏಳನೆಯದಕ್ಕೆ ಬಂದರು. ಶೀಬಾಳ ಮುಖದಲ್ಲಿ ಇದ್ದ ರಕ್ತವೆಲ್ಲ ಇಳಿದುಹೋಯಿತು. ಸಂತೋಷಕ್ಕೆ ಹಾಗಾಯಿತು ಎಂದುಕೊಂಡೆ.

“ಇದೇನ್ರಿ ವೆಂಕಟಯ್ಯ, ಇದು?” ಎಂದರು ಸಾಹೇಬರು.

ವೆಂಕಟಯ್ಯನವರೂ ಅದನ್ನು ಆಗಲೇ ಮೊದಲ ಸಲ ನೋಡಿದ್ದು. ಆದರೆ ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. “ಹಪ್ಪಳ ಸಾರ್. ಯುಗಾದಿ ಆಫರ್ ಮುಂದುವರಿಸಿದೀವಿ,” ಎಂದುಬಿಟ್ಟರು.

“ಜೂನಲ್ಲಾ?”

“ಜನಕ್ಕೆ ಬಹಳ ಹಿಡಿಸಿದೆ ಸಾರ್.”

ಅವರ ಮಾತು ನಿಜವೆನ್ನುವುದಕ್ಕೆ ಸಾಕ್ಷಿಯೋ ಎಂಬಂತೆ ಆ ಹೊತ್ತಿಗೇ ಕೌಂಟರ್ ಕಡೆಯಿಂದ ಒಂದು ದನಿ ಕೇಳಿಸಿತು. “ಇದೇನಯ್ಯ, ಹಪ್ಪಳ ನೆಂದೋಗವಲ್ಲ?”

ಮದುವೆ ಮನೆಗಳಿಗೆ ಅಡುಗೆ ಮಾಡುವ ಹನುಮಂತಯ್ಯನವರು. ಯಾವಾಗ ಬಂದಿದ್ದರೋ, ಆರು ಕಟ್ಟು ಎತ್ತಿಕೊಂಡು ಹೋಗಿ ಬಿಲ್ಲಿಗೆ ನಿಂತಿದ್ದರು. ಬಿಲ್ ಮಾಡುವ ಹುಡುಗಿ ಊಟಕ್ಕೆ ಹೋಗಿದ್ದರಿಂದ ಕೌಂಟರಿನಲ್ಲಿ ಅಶ್ವಥ್ ಇದ್ದ. ಅವರ ಹಿಂದೆ ಹನ್ನೊಂದು ಜನ.

“ನೋಡು, ಒತ್ತಿದ್ರೆ ಒಳಿಕ್ಕೋಯ್ತವೆ. ನಾಳೆ ಮುನ್ನೂರ್ ಎಲೆ ಊಟ ಐತೆ. ಇಂತಾ ಹಪ್ಪಳ ಹಾಕ್ದ್ರೆ ಬೀಗರು ನನ್ನೇ ಎಣ್ಣೆಗಾಕ್ತರೆ.”

“ಕೊಡಿ ಸಾಮಿ, ನೋಡ್ತೀನಿ,” ಎಂದ ಅಶ್ವಥ್. ಗಂಟು ಬಿಚ್ಚಲು ನೋಡಿದ. ಅದು ಬಿಚ್ಚಿಕೊಳ್ಳುವುದೇ? ಉಗುರು ಹಾಕಿದ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಒಂದೇ ಸಲ ಜಗ್ಗಿದ. ದಾರದ ಜೊತೆ ಹಾಳೆ, ಹಾಳೆಯ ಜೊತೆ ಒಳಗಿನ ಪ್ಯಾಕೆಟ್ಟು ಎಲ್ಲ ಹರಿದು, ಏಳು ಬಿಳಿ ಪ್ಯಾಡುಗಳು ಕೌಂಟರಿನ ಮೇಲೆ ಚೆಲ್ಲಿದವು. ಎಂಟನೆಯದು ಹನುಮಂತಯ್ಯನವರ ಹೆಗಲ ಮೇಲೆ ಹೋಗಿ ಕೂತಿತು.

ಹನ್ನೊಂದು ಜನವೂ ಒಟ್ಟಿಗೆ ಸೂರು ನೋಡಿದರು. ಅಶ್ವಥ್ ಬಾಯಲ್ಲಿದ್ದ ದಾರವನ್ನು ಉಗುಳುವುದನ್ನೂ ಮರೆತು ನಿಂತಿದ್ದ. ಹನುಮಂತಯ್ಯನವರು ಹೆಗಲ ಮೇಲಿನದನ್ನು ಎರಡು ಬೆರಳಲ್ಲಿ ತೆಗೆದಿಟ್ಟು, “ನಾನ್ ಚನ್ನಪಟ್ಣದಲ್ಲೇ ತಗೋತೀನಿ ಬುಡಪ್ಪ,” ಎಂದು ಹೊರಟುಹೋದರು.

ಸಾಹೇಬರು ನೆಟ್ಟಗೆ ಕೌಂಟರಿಗೆ ಹೋಗಿ ನೋಡಿದರು. “ಈ ಸೆಕ್ಷನ್ ಯಾರದು?”

“ನಂದು ಸರ್,” ಎಂದಳು ಶೀಬಾ.

“ಹೀಗೆ ಸುತ್ತೋಕೆ ನೀವೇ ಹೇಳಿದ್ರಾ?”

ಅವಳು ತಲೆ ಎತ್ತಿ ನೋಡಿದಳು. ನಾನು ಗೋಧಿ ಹಿಟ್ಟಿನ ಚೀಲಗಳ ಹಿಂದೆ ನಿಂತಿದ್ದೆ. ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು.

“ಹೌದು ಸರ್. ನನ್ನ ಸೆಕ್ಷನ್ನು, ನನ್ನ ತಪ್ಪು,” ಎಂದಳು.

ಆ ಹೊತ್ತಿನಲ್ಲಿ ನಾನು ಒಂದು ಹೆಜ್ಜೆ ಮುಂದಿಡಬೇಕಿತ್ತು. ಒಂದೇ ಒಂದು. ಇಡಲಿಲ್ಲ. ತಲೆ ಬಗ್ಗಿಸಿ ಹಿಟ್ಟಿನ ಚೀಲ ಎಣಿಸಿದೆ. ಹದಿನೇಳಿದ್ದವು. ನಗಿಸಲೆಂದೇ ಇದನ್ನೆಲ್ಲ ಬರೆಯುತ್ತಿರುವವಳು ನಾನು. ಆದರೆ ಆ ಹದಿನೇಳು ನೆನಪಾದಾಗ ನನಗೆ ಇವತ್ತಿಗೂ ನಗು ಬರುವುದಿಲ್ಲ.

ಅಷ್ಟರಲ್ಲಿ ಗಾರ್ಮೆಂಟ್ಸಿನ ವ್ಯಾನು ಬಂತು. ಹದಿನಾಲ್ಕೂ ಹುಡುಗಿಯರು ಒಳಗೆ ಬಂದು ಎಂದಿನಂತೆ ಆರನೇ ಸಾಲಿನಲ್ಲಿ ಸೋಪು ಮೂಸಿ, ಏಳನೆಯದರ ಕಡೆ ಕಣ್ಣು ಹಾಯಿಸಿದರು. ನೋಡಿದರೆ ಎಲ್ಲ ಹಪ್ಪಳ. ಎಂಟನೇ ಸಾಲು ನೋಡಿದರು. ಒಂಬತ್ತನೆಯದನ್ನೂ ಹುಡುಕಿದರು. ಗುಸುಗುಸು ಎಂದರು. ಹೊರಗೆ ವ್ಯಾನಿನವನು ಹಾರನ್ ಹೊಡೆಯತೊಡಗಿದ. ಹೋಗಿ ಕಿವಿಯಲ್ಲಿ ಹೇಳೋಣವೆಂದರೆ ಚೀಲಗಳ ಹಿಂದಿನಿಂದ ಹೊರಗೆ ಬರಬೇಕು. ಬರಲು ಕಾಲೇ ಏಳಲೊಲ್ಲದು.

ಕೊನೆಗೆ ಭಾನುಪ್ರಿಯ, ಬಾಯಲ್ಲಿ ಮಾತೇ ಇಲ್ಲದ ಆ ಹುಡುಗಿ, ನೇರ ಕೌಂಟರಿಗೆ ನಡೆದಳು. ಟೈ ಕಟ್ಟಿದವರೇ ದೊಡ್ಡವರು ಎಂದುಕೊಂಡಳೋ ಏನೋ, ಸಾಹೇಬರ ಮುಂದೆಯೇ ನಿಂತಳು.

“ಸಾರ್, ಪ್ಯಾಡ್ ಎಲ್ಲಿಟ್ಟವ್ರೆ?”

ಹಾರನ್ ಸದ್ದಿನ ಮೇಲೆ ಕೇಳಿಸಬೇಕಲ್ಲ, ಅದಕ್ಕೆ ಜೋರಾಗಿಯೇ ಕೇಳಿದಳು. ಯಾವ ಮಾತನ್ನು ಅವಳು ಆಡುವುದೇ ಬೇಡವೆಂದು ನಾನು ಎಂಟೂವರೆ ಗಂಟೆ ಕೂತು ಸುತ್ತಿದ್ದೆನೋ, ಅದೇ ಮಾತನ್ನು ಹನ್ನೊಂದು ಜನರ ಮುಂದೆ, ಹೆಡ್ಡಾಫೀಸಿನ ಮುಂದೆ ಅವಳ ಬಾಯಿಂದ ಆಡಿಸಿದ್ದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಎಲ್ಲಾ ಬಿಚ್ಚಿ. ಈಗಲೇ,” ಎಂದರು.

ಶೀಬಾ, ಅಶ್ವಥ್, ಮಿಕ್ಕ ಮೂವರು ಗಂಡಸರು, ಸಾಲದ್ದಕ್ಕೆ ವೆಂಕಟಯ್ಯನವರು ಏಳನೇ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಒಂದು ಗಂಟೂ ಬಿಚ್ಚಲಿಲ್ಲ. ಜಗ್ಗಿದರೆ ಒಳಗಿನ ಪ್ಯಾಕೆಟ್ಟು ಹರಿಯುತ್ತದೆ. ಕತ್ತರಿ ಹಾಕಲು ಸಂದಿಯೇ ಇಲ್ಲ.

“ಇದ್ಯಾವನ್ಲಾ ಕಟ್ಟಿರೋನು?” ಎಂದು ಅಶ್ವಥ್ ಬೆವರು ಒರೆಸಿಕೊಂಡ. “ಇದು ಗೂಡಿನ್ ಮೂಟೆ ಗಂಟು ಕಣ್ಲಾ. ನಮ್ಮಜ್ಜಿ ಕಟ್ತಿದ್ಲು.”

ಒಬ್ಬೊಬ್ಬರಾಗಿ ಎಲ್ಲರೂ ತಲೆ ಎತ್ತಿದರು. ಆ ಅಂಗಡಿಯಲ್ಲಿ ಹುಳ ಸಾಕಿದ ಮುದುಕಿ ಒಬ್ಬಳೇ.

ನಾನು ಚೀಲಗಳ ಹಿಂದಿನಿಂದ ಬಂದೆ. “ನಾನ್ ಕಟ್ಟಿದ್ದು ಸ್ವಾಮಿ. ಆ ಮಗೀಗೆ ಗೊತ್ತೇ ಇಲ್ಲ,” ಎಂದೆ.

“ಯಾಕಮ್ಮ?”

“ಹೆಣ್ಮಕ್ಳು… ನಾಚ್ಕತವೆ ಸ್ವಾಮಿ.”

“ಇನ್ನೇನ್ ಉಳ್ದೈತೆ ಅಜ್ಜಿ ನಾಚ್ಕೊಳ್ಳಕ್ಕೆ?” ಎಂದಳು ಭಾನುಪ್ರಿಯ. “ಒಂದ್ ಬೇಗ ಬಿಚ್ಕೊಡಿ, ವ್ಯಾನ್ ಹೋಯ್ತದೆ.”

ಕೂತು ಬಿಚ್ಚಿದೆ. ಉಳಿದ ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದೆ. ಸಾಹೇಬರು ಸ್ವಲ್ಪ ಹೊತ್ತು ನೋಡಿ, ಬ್ಯಾಗಿನಿಂದ ಅರ್ಧ ತೆಗೆದಿದ್ದ ಕಾಗದವನ್ನು ಮತ್ತೆ ಒಳಗಿಟ್ಟು ಜಿಪ್ಪು ಎಳೆದರು. “ಮೂರು ತಿಂಗಳು ಬಿಟ್ಟು ಬರ್ತೀನಿ, ಶೀಬಾ,” ಎಂದರು. ಆ ಜಿಪ್ಪಿನ ಸದ್ದಿಗೆ ಅವಳು ಕಣ್ಣು ಮುಚ್ಚಿಕೊಂಡಳು.

ಸಂಜೆ ಅವಳ ಮುಂದೆ ಹೋಗಿ ನಿಂತೆ. “ಬಯ್ಯವ್ವ. ನಾಕ್ ಮಾತ್ ಬಯ್ಯಿ.”

“ಬೈದ್ರೆ ನಿಮಗೆ ಸಮಾಧಾನ ಆಗ್ಬಿಡುತ್ತೆ,” ಎಂದಳು ಶೀಬಾ. “ಅದಕ್ಕೇ ಬೈಯಲ್ಲ.”

ಬಾಬಾಜಾನ್ ಮೂರು ತಿಂಗಳ ಗಡುವಿಗೆ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು. ಬೆಳಿಗ್ಗೆ ಐದರಿಂದ ಎಂಟರವರೆಗೆ ಅವಳು ತೊಟ್ಟಿಯ ಮುಂದೆ ಕೂತು, ಆಮೇಲೆ ಅಂಗಡಿಗೆ ಬರಬೇಕು. ಅವಳ ಬೆರಳ ತುದಿ ಮತ್ತೆ ಬೆಳ್ಳಗಾಗುವುದನ್ನು ನಾನು ದಿನಾ ನೋಡಿದೆ. ಅವಳು ಕೈ ಬಚ್ಚಿಡುತ್ತಿರಲಿಲ್ಲ. ಬಚ್ಚಿಟ್ಟಿದ್ದರೆ ಚೆನ್ನಾಗಿತ್ತು.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ. ತೆಗೆಯಲಿಲ್ಲ. ನನ್ನನ್ನು ಕಳಿಸಿದರೆ ಆ ಸಾಲನ್ನು ಇನ್ಯಾರಾದರೂ ಜೋಡಿಸಬೇಕಲ್ಲ. ನನ್ನ ಪರವಾಗಿ ಮೊದಲು ಬೇಡಿಕೊಂಡವನು ಅಶ್ವಥ್. ಶೀಬಾ ಏಳನೇ ಸಾಲಿಗೂ ಮಿಕ್ಕ ಸಾಲುಗಳ ಹಾಗೆ ದೊಡ್ಡ ಬೋರ್ಡು ಹಾಕಿಸಿದಳು. ನನಗೆ ದಿನಾ ಬೆಳಿಗ್ಗೆ ಒಂದು ಪಾಠ. ಪ್ಯಾಕೆಟ್ಟನ್ನು ಎದೆ ಮಟ್ಟಕ್ಕೆ ಹಿಡಿದು, ಹೆಸರು ಹೇಳಿ, ಸೋಪು ಕೊಟ್ಟ ಹಾಗೆ ಕೊಡಬೇಕು. ಮೊದಲ ವಾರ ಬರೀ ಗಾಳಿ ಬಂತು. ಎರಡನೇ ವಾರ ‘ಪ್ಯಾ’ ಬಂತು. ಒಂದು ತಿಂಗಳಿಗೆ ಇಡೀ ಮಾತು ಬಂತು. ಮನೆಗೆ ಹೋಗಿ ಅಳಿಯಂದಿರ ಮುಂದೆಯೂ ಹೇಳಿದೆ. ಅವರು ಬಾಯಿಗಿಟ್ಟ ಮುದ್ದೆಯನ್ನು ಹೇಗೋ ನುಂಗಿಕೊಂಡು, “ಎದ್ರು ಮನೆಯೋರ್ಗೆ ಬತ್ತಿ ಇಲ್ಲ ಅಂತ ನೀವೇ ಹೇಳ್ಬುಡಿ ಅತ್ತೆ,” ಎಂದರು.

ಹುಡುಗಿಯರು ನೇರ ಬರತೊಡಗಿದರು. ನಾಚಿಕೆ ಎಲ್ಲರಿಗೂ ಹೋಯಿತೆಂದಲ್ಲ. ಒಂದು ಸಲ ಭಾನುಪ್ರಿಯ ಕೂಗಿ ಕೇಳಿದ ಮೇಲೆ ಮಿಕ್ಕವರಿಗೆ ಅಷ್ಟೊಂದು ಕಷ್ಟ ಕಾಣಲಿಲ್ಲ. ಹಲಗೆ ವಾರಕ್ಕೆ ಎರಡು ಸಲ ಖಾಲಿಯಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಸಾಹೇಬರು ಮತ್ತೆ ಬಂದರು. ಆ ದಿನ ಶೀಬಾಳ ಆರ್ಡರಿಗೆ ಸಹಿ ಬಿತ್ತು. ಓದುವವರು ಸುಮ್ಮನೆ ಎದೆ ಹೊಡೆದುಕೊಳ್ಳುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ಸೋಮವಾರವೇ ಅವಳು ಕನಕಪುರದ ಹೊಸ ಅಂಗಡಿಗೆ ಹೋದಳು. ಅಲ್ಲೇ ರೂಮು ಮಾಡಿಕೊಂಡಳು. ಈಚೆಗೆ ಅಲ್ಲಿಗೆ ಹೋಗಿ ಬಂದವರು ಅವಳ ಬೆರಳು ನುಣ್ಣಗಾಗಿದೆ ಎಂದರು. ನಾನು ನೋಡಿಲ್ಲ. ನಾನು ಹೇಳಬೇಕಾಗಿರುವುದು ಸಹಿ ಬೀಳುವ ಮುಂಚಿನದು.

ಸಾಹೇಬರು ಒಂಬತ್ತೂ ಸಾಲು ನೋಡಿ, ಏಳನೆಯದರ ಮುಂದೆ ಬಹಳ ಹೊತ್ತು ನಿಂತು, ತಲೆದೂಗಿದರು. “ಚೆನ್ನಾಗಿದೆ. ಎಲ್ಲಿ, ಒಂದು ಪ್ಯಾಕೆಟ್ ತಗೊಂಡು ಕೌಂಟರಿಗೆ ಬಾಮ್ಮ. ಬಿಲ್ ಆಗುತ್ತಾ ನೋಡೇ ಬಿಡೋಣ,” ಎಂದು ನನ್ನ ಕಡೆ ನೋಡಿ ನಗುತ್ತ ಮುಂದೆ ಹೋದರು. ಈ ಸಲ ಕೌಂಟರಿನಲ್ಲಿ ಶೀಬಾಳೇ ನಿಂತಳು. ಆರ್ಡರಿನ ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಪೆನ್ನಿನ ಕ್ಯಾಪು ತೆಗೆದಾಗಿತ್ತು.

ನಾನು ಮಧ್ಯದ ಹಲಗೆಯಿಂದ ಹಸಿರು ಪ್ಯಾಕೆಟ್ಟು ಒಂದನ್ನು ಎತ್ತಿಕೊಂಡೆ. ತಲೆ ಎತ್ತಿ ನಡೆದೆ. ಏಳನೇ ಸಾಲಿನಿಂದ ಕೌಂಟರಿಗೆ ನಲವತ್ತೊಂದು ಹೆಜ್ಜೆ. ಬೇಳೆ ಕೊಳ್ಳುತ್ತಿದ್ದ ಗಂಡಸರು ದಾರಿ ಬಿಟ್ಟರು. ಅಶ್ವಥ್ ಚಿಪ್ಸ್ ಜೋಡಿಸುವುದನ್ನು ನಿಲ್ಲಿಸಿ ನೋಡಿದ. ಈ ಅಂಗಡಿಯಲ್ಲಿ ಹೀಗೆ ಎದೆ ಸೆಟೆಸಿ ನಡೆದ ಹೆಂಗಸು ನಾನೊಬ್ಬಳೇ ಎಂದುಕೊಂಡು ಕೌಂಟರಿಗೆ ಬಂದೆ. ಕೈ ಮುಂದೆ ಮಾಡಿದೆ.

ಕೈ ಖಾಲಿ.

ದಾರಿಯಲ್ಲಿ ಬೀಳಿಸಿದೆನೆಂದು ಹಿಂದೆ ತಿರುಗಿ ನೋಡಿದೆ. ನೆಲದ ಮೇಲೆ ಏನೂ ಇರಲಿಲ್ಲ. ಅಶ್ವಥ್ ಬಗ್ಗಿ ರ್ಯಾಕುಗಳ ಅಡಿ ನೋಡಿದ. ವೆಂಕಟಯ್ಯನವರು ಸುಮ್ಮನೆ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಸಾಹೇಬರು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ಶೀಬಾ ಮಾತ್ರ ಎಲ್ಲೂ ಹುಡುಕಲಿಲ್ಲ. ಅವಳು ನನ್ನ ಎಡಗಡೆಯನ್ನೇ ನೋಡುತ್ತಿದ್ದಳು. ಅಲ್ಲಿ ಸೆರಗು ಭುಜದಿಂದ ಸೊಂಟದವರೆಗೆ ಬಿಗಿಯಾಗಿ ಸುತ್ತಿಕೊಂಡು, ಕಂಕುಳ ಹತ್ತಿರ ಬೆಲ್ಲದಚ್ಚಿನಷ್ಟು ಉಬ್ಬಿತ್ತು. ನನ್ನ ಕೈ ನನಗೇ ಹೇಳದೆ ಯಾವ ಹೆಜ್ಜೆಯಲ್ಲಿ ಆ ಕೆಲಸ ಮಾಡಿತೋ, ದೇವರಾಣೆಗೂ ನನಗೆ ತಿಳಿಯದು.

ಶೀಬಾ ಪ್ಯಾಕೆಟ್ಟಿಗೆ ಬೆಳಕು ಹಾಯಿಸಿ ಬಿಲ್ ಮಾಡುವ ಯಂತ್ರವನ್ನು ಕೈಗೆತ್ತಿಕೊಂಡು, ಅಂಗಡಿಗೆಲ್ಲ ಕೇಳಿಸುವ ಹಾಗೆ, ನನ್ನನ್ನು ಕೊನೆಯದಾಗಿ ಒಂದು ಮಾತು ಕೇಳಿದಳು.

“ಅಮ್ಮ, ಕಂಕುಳಲ್ಲಿರೋದನ್ನ ನೀವಾಗೇ ಕೊಡ್ತೀರಾ, ಇಲ್ಲ ಸೆರಗು ಸಮೇತ ಬಿಲ್ ಮಾಡ್ಲಾ?”